ಕಾರಣವೂ ಕರ್ತೃವೂ

ದೊಡ್ಡದೊಂದು ಅನಾಹುತವು ಸಂಭವಿಸಿದಾಗ ಮನುಷ್ಯನ ಬಾಯಿಂದ ಮೊದಲು ಹೊರಡುವದು ಅಳು, ಎರಡನೆಯದು ಪ್ರಶ್ನೆ. ಅಳುವದನ್ನು ಯಾರೂ ಕಲಿಸಬೇಕಾಗಿಲ್ಲ. ಪ್ರಶ್ನೆ ಮಾಡುವದನ್ನೂ ಕಲಿಸಬೇಕಾಗಿಲ್ಲ. ಆದರೆ ಆ ಪ್ರಶ್ನೆಯ ರೂಪವನ್ನು ನಾವು ಸಾವಧಾನವಾಗಿ ಗಮನಿಸಿದಂತೆ ತೋರುವದಿಲ್ಲ. ಮನೆ ಬಿದ್ದಲ್ಲಿ, ದೋಣಿ ಮುಳುಗಿದಲ್ಲಿ, ಊರು ಸುಟ್ಟಲ್ಲಿ “ಇದು ಹೇಗಾಯಿತು?” ಎಂದು ಕೇಳುವವರು ಕೆಲವರು, “ಇದನ್ನು ಯಾರು ಮಾಡಿದರು?” ಎಂದು ಕೇಳುವವರು ಬಹುಮಂದಿ. ಈ ಎರಡು ಪ್ರಶ್ನೆಗಳೂ ಒಂದೇ ಎಂದು ಮೇಲ್ನೋಟಕ್ಕೆ ಕಂಡರೂ ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಎಷ್ಟೋ ನಿರಪರಾಧಿಗಳ ಬಾಳು ಹಾಳಾಗಿದೆ. ಎರಡನೆಯ ಪ್ರಶ್ನೆಗೆ ಸಾಕ್ಷಿಯು ದೊರೆಯುವ ಮೊದಲೇ ಉತ್ತರವನ್ನು ಹೇಳುವ ಅಧಿಕಾರವು ನಮಗುಂಟೆ ಎಂಬದನ್ನು ವಾಚಕರೊಡನೆ ಕೂಡಿ ವಿಚಾರಿಸಬೇಕೆಂದಿದ್ದೇನೆ. ಇದು ನನಗೆ ಬರಿಯ ತರ್ಕದ ವಿಷಯವಲ್ಲ. ನಮ್ಮ ಮನೆಯ ಹಿರಿಯರೊಬ್ಬರು ಈ ಪ್ರಶ್ನೆಯನ್ನು ಎದೆಯಲ್ಲಿಟ್ಟುಕೊಂಡು ಮೂವತ್ತು ವರ್ಷ ಬಾಳಿದುದನ್ನು ಕಂಡವನು ನಾನು.

1944ನೆಯ ಇಸವಿಯ ಎಪ್ರಿಲ್ 14, ಶುಕ್ರವಾರ. ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ‘ಫೋರ್ಟ್ ಸ್ಟೈಕಿನ್’ ಎಂಬ ಸರಕಿನ ಹಡಗು ನಿಂತಿತ್ತು. ಫೆಬ್ರುವರಿಯಲ್ಲಿ ಇಂಗ್ಲಂಡದ ಬರ್ಕನ್‌ಹೆಡ್ ರೇವಿನಿಂದ ಹೊರಟು, ಕರಾಚಿಯನ್ನು ಮುಟ್ಟಿ, ಎರಡು ದಿನಗಳ ಹಿಂದೆಯಷ್ಟೇ ಅದು ಮುಂಬಯಿಗೆ ಬಂದಿತ್ತು. ಯುದ್ಧದ ಕಾಲ. ಅದರ ಒಡಲಲ್ಲಿ ಸುಮಾರು 1,400 ಟನ್ನು ಸ್ಫೋಟಕ ವಸ್ತುಗಳು, ಯುದ್ಧವಿಮಾನಗಳು, ಅಂದಿನ ಬೆಲೆಯಲ್ಲಿ ಸುಮಾರು ಒಂಬತ್ತು ಲಕ್ಷ ಪೌಂಡುಗಳ ಬಂಗಾರದ ಗಟ್ಟಿಗಳು; ಅವುಗಳೊಡನೆ ಕರಾಚಿಯಲ್ಲಿ ಹೇರಿದ ಹತ್ತಿಯ ಅಂಡಿಗೆಗಳು, ಎಣ್ಣೆಯ ಪೀಪಾಯಿಗಳು, ಮರ, ತುಕ್ಕುಗಬ್ಬಿಣ, ಒಣಮೀನು. ಹತ್ತಿಯು ಕೆಳಗೆ, ಮದ್ದು ಮೇಲೆ. ಅಡಿಗೆಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಸೌದೆ ಒಣಗಿಸುವ ಗೃಹಿಣಿಯೂ ಇಷ್ಟು ಧೈರ್ಯ ಮಾಡಲಾರಳು.

ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಎರಡನೆಯ ಉಗ್ರಾಣದಲ್ಲಿ ಬೆಂಕಿಯಿದೆಯೆಂದು ಹಡಗಿನವರಿಗೆ ತಿಳಿಯಿತು. ದಟ್ಟವಾದ ಹೊಗೆಯಲ್ಲಿ ಬೆಂಕಿಯ ಮೂಲವೆಲ್ಲಿ ಎಂಬದು ಕೊನೆಯ ವರೆಗೂ ಕಾಣಲಿಲ್ಲ. ಒಂಬೈನೂರು ಟನ್ನುಗಳಿಗೂ ಮಿಕ್ಕ ನೀರನ್ನು ಸುರಿದರು. ನೀರು ಹಡಗಿನೊಳಗೆ ಕುದಿಯಹತ್ತಿತು. ಮೂರು ಗಂಟೆ ಐವತ್ತು ನಿಮಿಷಕ್ಕೆ ಹಡಗನ್ನು ಬಿಡಿರೆಂದು ಆಜ್ಞೆಯಾಯಿತು. ನಾಲ್ಕು ಗಂಟೆ ಆರು ನಿಮಿಷಕ್ಕೆ ಹಡಗು ಎರಡು ತುಂಡಾಗಿ ಸಿಡಿಯಿತು. ಹನ್ನೆರಡು ಕಿಲೋಮೀಟರು ದೂರದ ಕಿಟಕಿಗಳ ಗಾಜು ಒಡೆದವು. ಸಾವಿರದೇಳುನೂರು ಕಿಲೋಮೀಟರು ದೂರದ ಸಿಮ್ಲೆಯ ಭೂಕಂಪಮಾಪಕದ ಮುಳ್ಳು ಅಲುಗಿತು. ಅರ್ಧ ಗಂಟೆಯೊಳಗೆ ಎರಡನೆಯ ಸ್ಫೋಟ. ಉರಿಯುವ ಹತ್ತಿ ಆಕಾಶದಿಂದ ಮಳೆಯಂತೆ ಸುರಿದು ಬಂದರಿನ ನೆರೆಯ ಓಣಿಗಳನ್ನು ಸುಟ್ಟಿತು. ಬಂಗಾರದ ಗಟ್ಟಿಯೊಂದು ಸುಮಾರು ಒಂದು ಮೈಲಿ ದೂರದ ಮನೆಯ ಮಾಡನ್ನು ಒಡೆದು ಒಳಗೆ ಬಿತ್ತು. ಆ ಮನೆಯವರು ಅದನ್ನು ಸರಕಾರಕ್ಕೆ ಒಪ್ಪಿಸಿದರು. ಸತ್ತವರು ಒಂದು ಅಂದಾಜಿನಂತೆ ಸುಮಾರು 800. ಬೇರೆ ಅಂದಾಜುಗಳು 1,300ರ ವರೆಗೆ ಹೋಗುವವು. ಬೆಂಕಿಯನ್ನು ಆರಿಸಲು ಬಂದವರಲ್ಲಿ 66 ಮಂದಿ ಅಲ್ಲಿಯೇ ಮಡಿದರು. ಈಗಲೂ ನಮ್ಮ ದೇಶದಲ್ಲಿ ಎಪ್ರಿಲ್ 14ರಿಂದ ಒಂದು ವಾರ ಅಗ್ನಿಶಾಮಕ ಸೇವೆಯ ಸಪ್ತಾಹವು ನಡೆಯುವದು ಅವರ ನೆನಪಿಗಾಗಿ. ಮನೆಮಾರು ಕಳೆದುಕೊಂಡವರು 80,000 ಜನ. ಕಸ ಕಲ್ಲುಗಳನ್ನು ತೆಗೆದು ಬಂದರನ್ನು ಮೊದಲಿನಂತೆ ಮಾಡಲು 8,000 ಆಳುಗಳಿಗೆ ಏಳು ತಿಂಗಳು ಹಿಡಿಯಿತು.

ನಮ್ಮ ಉತ್ತರ ಕನ್ನಡ ಜಿಲ್ಲೆಯು ಆಗ ಮುಂಬಯಿ ಇಲಾಖೆಗೆ ಸೇರಿದ್ದಿತು. ಓದಿದವನು ಪರೀಕ್ಷೆಗಾಗಿ, ಓದದವನು ಹೊಟ್ಟೆಗಾಗಿ ಮುಂಬಯಿಯ ದಾರಿಯನ್ನೇ ಹಿಡಿಯುತ್ತಿದ್ದ ಕಾಲವದು. ನಮ್ಮ ದೊಡ್ಡಪ್ಪನವರೂ ಹಾಗೆಯೇ ಹೋದವರು. ಮಸ್ಜಿದ್ ಬಂದರಿನ ಬಳಿ ನಮ್ಮ ಕಡೆಯವರೇ ನಡೆಯಿಸುತ್ತಿದ್ದ ಒಂದು ಖಾನಾವಳಿಯಲ್ಲಿ ಬಡಿಸುವ ಕೆಲಸ. ಚಾಳಿನ ಒಂದು ಖೋಲಿಯಲ್ಲಿ ಎಂಟು ಮಂದಿಯೊಡನೆ ವಾಸ. ಅವರಿಗೆ ಆಗ ಇಪ್ಪತ್ತು ವರ್ಷ. ಸ್ಫೋಟದ ಹೊತ್ತಿನಲ್ಲಿ ಹಿತ್ತಲ ಬಾಗಿಲಲ್ಲಿ ಕುಳಿತು ಪಾತ್ರೆ ಬೆಳಗುತ್ತಿದ್ದವರು ಮೂರು ಮಾರು ದೂರ ಹೋಗಿ ಬಿದ್ದರಂತೆ. ನಾನು ಚಿಕ್ಕವನಿದ್ದಾಗ ಆ ಕಥೆಯನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. “ಜಪಾನಿನವರು ಬಂದರು ಎಂದೇ ತಿಳಿದೆವು” ಎಂದು ಅವರು ಕಥೆಯನ್ನು ಮುಗಿಸುತ್ತಿದ್ದರು. ಅದರ ಮುಂದಿನ ಭಾಗವೊಂದಿದೆಯೆಂಬದು ನನಗೆ ತಿಳಿದದ್ದು ಬಹುಕಾಲದ ಮೇಲೆ.

ಜಪಾನಿನವರು ಬಂದರೆಂದು ನಂಬಿದವರು ಅವರೊಬ್ಬರೇ ಅಲ್ಲ. ಆ ವಸಂತದಲ್ಲಿ ಜಪಾನಿನ ಸೈನ್ಯವು ಇಂಫಾಲ ಕೊಹಿಮಾಗಳ ಬಾಗಿಲಿಗೆ ಬಂದಿದ್ದಿತು. ನಗರದಲ್ಲಿ ದೀಪ ಮರೆಸುವ ನಿಯಮ, ಆಕಾಶವನ್ನು ನೋಡುವ ಅಭ್ಯಾಸ. ಇಂಥ ಮನಸ್ಸಿನ ಮೇಲೆ ಎರಡು ಸಿಡಿಲು ಒಂದಾದ ಮೇಲೊಂದು ಬಿದ್ದರೆ ಅದು ಶತ್ರುವಿನ ಹೆಸರನ್ನೇ ಹೇಳುವದು ಸಹಜ. ಸರಕಾರವೇನು ಮಾಡಿತು? ಸುದ್ದಿಯನ್ನು ತಡೆಯಿತು. ಸ್ಫೋಟದ ವಿವರವನ್ನು ಹೊರಗಿನ ಲೋಕಕ್ಕೆ ಮೊದಲು ಹೇಳಿದ್ದು ಜಪಾನಿನವರ ವಶದಲ್ಲಿದ್ದ ಸೈಗಾನಿನ ರೇಡಿಯೋ, ಅದೂ ಮರುದಿನವೇ. ವರದಿಗಾರರು ಅದನ್ನು ಹೊರಗೆ ಕಳುಹಿಸಲು ಅಪ್ಪಣೆ ಸಿಕ್ಕದ್ದು ಮೇ ತಿಂಗಳ ಎರಡನೆಯ ವಾರದಲ್ಲಿ. ಸುಧೀಶ ಘಟಕರೆಂಬ ಛಾಯಾಗ್ರಾಹಕರು ಹಿಡಿದ ಚಲಚ್ಚಿತ್ರವನ್ನು ಸೈನ್ಯದ ಅಧಿಕಾರಿಗಳು ವಶಪಡಿಸಿಕೊಂಡರು. ಇಲ್ಲಿ ಒಂದು ವಿಚಿತ್ರವನ್ನು ನೋಡಿರಿ. ವದಂತಿಯು ಹರಡಬಾರದೆಂದು ಸತ್ಯವನ್ನು ಮುಚ್ಚಿಟ್ಟರು; ಸತ್ಯವು ಮುಚ್ಚಿದ್ದರಿಂದಲೇ ವದಂತಿಯ ಹೊರತು ಬೇರೆ ಆಹಾರವು ಜನರಿಗೆ ಉಳಿಯಲಿಲ್ಲ. ಹಸಿದವನು ಮಣ್ಣು ತಿಂದನೆಂದು ಅವನನ್ನು ಬಯ್ಯುವ ಮೊದಲು ಅಕ್ಕಿಯ ಉಗ್ರಾಣಕ್ಕೆ ಬೀಗ ಹಾಕಿದವನನ್ನು ಕೇಳಬೇಡವೆ? ವದಂತಿಯ ಪಾಪದಲ್ಲಿ ಆಳುವವರ ಮೌನಕ್ಕೂ ಪಾಲಿದೆ; ನನ್ನ ಲೆಕ್ಕದಲ್ಲಿ ಅರ್ಧಕ್ಕಿಂತ ಕಡಿಮೆಯಲ್ಲ.

ಉಳಿದ ಪಾಲು ನಮ್ಮದು. ಅದರ ಬಗೆಯನ್ನು ತಿಳಿಯಬೇಕಾದರೆ ದೊಡ್ಡಪ್ಪನವರ ಕಥೆಯ ಮುಂದಿನ ಭಾಗಕ್ಕೆ ಬರಬೇಕು.

ಅವರ ಖೋಲಿಯಲ್ಲಿ ವಿಜಾಪುರ ಜಿಲ್ಲೆಯ ಒಬ್ಬಾತನಿದ್ದ. ಅಲ್ಲಿಯ ಬರಗಾಲದಲ್ಲಿ ಊರು ಬಿಟ್ಟು ಬಂದು ಬಂದರಿನಲ್ಲಿ ಹೊರೆ ಹೊರುತ್ತಿದ್ದವನು. ಅವನ ಕನ್ನಡವು ಕರಾವಳಿಯವರಿಗೆ ನಗೆಯನ್ನು ತರುತ್ತಿತ್ತಂತೆ. ನಮ್ಮವರ ಕನ್ನಡವು ಅವನಿಗೂ ಹಾಗೆಯೇ ಇದ್ದೀತು. ಆ ಶುಕ್ರವಾರ ಅವನ ಪಾಳಿಯು ಬೇರೊಂದು ಹಡಗಿನ ಮೇಲಿತ್ತು. ಸಂಜೆಯ ಹೊತ್ತಿಗೆ ಬಲಗೈ ಸುಟ್ಟುಕೊಂಡು, ಆದರೆ ಜೀವಂತವಾಗಿ, ಚಾಳಿಗೆ ಮರಳಿದನು. ಚಾಳಿನಲ್ಲಿ ಏಳೆಂಟು ಮಂದಿ ಮರಳದೆ ಇದ್ದರು. ಮೊದಲ ಎರಡು ದಿನ ಎಲ್ಲರೂ ಜಪಾನಿನವರನ್ನು ಬಯ್ದರು. ವಿಮಾನವನ್ನು ಕಂಡವರು ಯಾರೂ ಇರಲಿಲ್ಲವಾದ್ದರಿಂದ ಮೂರನೆಯ ದಿನಕ್ಕೆ ಮಾತು ತಿರುಗಿತು: ಹೊರಗಿನವರು ಬರಲಿಲ್ಲವಾದರೆ ಒಳಗಿನವರಾರೋ ದುಡ್ಡು ತಿಂದಿದ್ದಾರೆ, ಹಡಗಿನಲ್ಲಿ ಹತ್ತಿಯಿತ್ತಂತೆ, ಹತ್ತಿಗೆ ಒಂದು ಬೀಡಿ ಸಾಕು. ಆಗ ಚಾಳಿನ ಮುಖಂಡನಂತಿದ್ದ ಒಬ್ಬನು ದೊಡ್ಡಪ್ಪನವರನ್ನು ಕರೆದು, “ನಿಮ್ಮ ಖೋಲಿಯ ಆ ಹೊರೆಯಾಳು ಬೀಡಿ ಸೇದುವನೇನು?” ಎಂದು ಕೇಳಿದನು. ದೊಡ್ಡಪ್ಪನವರು, “ಹೌದು, ಬೀಡಿಯಿಲ್ಲದೆ ಒಂದು ಗಳಿಗೆಯೂ ಇರಲಾರ” ಎಂದರು. ಅಷ್ಟೇ. ಅದರ ಮೇಲೆ ಒಂದಕ್ಷರವನ್ನೂ ಅವರು ಕೂಡಿಸಲಿಲ್ಲ. ಮರುದಿನ ನಲ್ಲಿಯ ಬಳಿ ಅವನಿಗೆ ನೀರು ಹಿಡಿಯಗೊಡಲಿಲ್ಲ. ರಾತ್ರಿ ಯಾರೋ ಅವನ ಚಾಪೆಯನ್ನು ಹೊರಗೆಸೆದರು. ಬೆಳಗಾಗುವಷ್ಟರಲ್ಲಿ ಅವನು ಹೊರಟುಹೋಗಿದ್ದ. ಅವನದೊಂದು ತಾಮ್ರದ ತಂಬಿಗೆಯು ಮೂಲೆಯಲ್ಲಿ ಉಳಿದಿತ್ತು.

ನಾನು ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ, “ದೊಡ್ಡಪ್ಪಾ, ಅದು ಜಪಾನಿನವರ ಕೆಲಸವಲ್ಲವಂತೆ, ಹತ್ತಿಗೆ ಬೆಂಕಿ ತಗಲಿ ಆದದ್ದಂತೆ” ಎಂದು ಪುಸ್ತಕದ ಪಾಂಡಿತ್ಯವನ್ನು ತೋರಿಸಹೋದಾಗ ಅವರು ಇದನ್ನು ಹೇಳಿದರು. ಹೇಳಿ, “ನಾನು ಸುಳ್ಳು ಹೇಳಲಿಲ್ಲ, ತಮ್ಮಾ. ಅವ ಬೀಡಿ ಸೇದುತ್ತಿದ್ದದ್ದು ನಿಜ” ಎಂದು ಸುಮ್ಮನಾದರು.

ಸುಳ್ಳನ್ನಾಡುವದು ಪಾಪವೆಂದು ನಮಗೆ ಎಳವೆಯಿಂದ ಕಲಿಸಿದ್ದಾರೆ. ನಿಜವನ್ನಾಡಿಯೂ ಪಾಪಕ್ಕೆ ಗುರಿಯಾಗಬಹುದೆಂಬದನ್ನು ಕಲಿಸಿದವರು ವಿರಳ. ಒಂದು ವಾಕ್ಯವು ನಿಜವೋ ಸುಳ್ಳೋ ಎಂಬದು ಆ ವಾಕ್ಯವೊಂದರಿಂದಲೇ ತೀರುವ ಮಾತು. ಆದರೆ ಆ ವಾಕ್ಯವು ಯಾವ ಪ್ರಶ್ನೆಗೆ ಉತ್ತರವಾಗಿ ನಿಂತಿತು ಎಂಬದರಿಂದ ಅದರ ಧರ್ಮಾಧರ್ಮವು ನಿರ್ಣಯವಾಗುವದು. ಮುಖಂಡನು ಕೇಳಿದ್ದು ಬೀಡಿಯ ವಿಷಯವನ್ನಲ್ಲ. ಅದನ್ನು ದೊಡ್ಡಪ್ಪನವರೂ ಬಲ್ಲರು. ಹಡಗನ್ನು ಸುಟ್ಟವನಾರು ಎಂಬ ಪ್ರಶ್ನೆಯು ಬೀಡಿಯ ವೇಷದಲ್ಲಿ ಬಂದಿತ್ತು. ವೇಷಕ್ಕೆ ಕೊಟ್ಟ ಉತ್ತರವು ಒಳಗಿನ ಪ್ರಶ್ನೆಗೆ ಮುಟ್ಟಿತು.

ನಮ್ಮ ನೈಯಾಯಿಕರು ಅನುಮಾನಕ್ಕೆ ಕೊಡುವ ಹಳೆಯ ಉದಾಹರಣೆಯು ಎಲ್ಲರಿಗೂ ಗೊತ್ತಿದೆ: ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ತಿಳಿಯತಕ್ಕದ್ದು. ಊರಿನ ಗಾದೆಯೂ ಬೆಂಕಿಯಿಲ್ಲದೆ ಹೊಗೆಯಾಡದೆಂದೇ ಹೇಳುವದು. ಅಪವಾದ ಹೊರಿಸುವವರೆಲ್ಲರೂ ಕೊನೆಗೆ ಆಶ್ರಯಿಸುವದು ಈ ಗಾದೆಯನ್ನೇ. ಆದರೆ ಶಾಸ್ತ್ರವು ಎಲ್ಲಿ ನಿಂತಿತೋ ಅಲ್ಲಿ ನಾವು ನಿಲ್ಲುವದಿಲ್ಲ. ಹೊಗೆಯು ಬೆಂಕಿಯನ್ನು ತಿಳಿಸುತ್ತದೆ. ಹಚ್ಚಿದವನ ಹೆಸರನ್ನು ತಿಳಿಸುವದಿಲ್ಲ. ಹಚ್ಚಿದವನೊಬ್ಬನು ಇದ್ದನೆಂಬದನ್ನೂ ತಿಳಿಸುವದಿಲ್ಲ. ಬಿದಿರು ಬಿದಿರಿಗೆ ತಿಕ್ಕಿ ಕಾಡು ಹೊತ್ತಿಕೊಳ್ಳುವದೆಂದು ನಮ್ಮ ಘಟ್ಟದ ಜನರು ಹೇಳುವದುಂಟು. ಕೆಲವು ಜಾತಿಯ ಎಣ್ಣೆ ತಗಲಿದ ಹತ್ತಿಯು ಒತ್ತಾಗಿ ಬಿದ್ದಲ್ಲಿ ತಾನೇ ಕಾದು ಉರಿಯಬಲ್ಲದೆಂದು ರಸಾಯನಶಾಸ್ತ್ರಜ್ಞರು ಹೇಳುವರು. ಅಂದಿನ ಹಡಗಿನಲ್ಲಿ ಇನ್ನೊಂದು ವಿಪರ್ಯಾಸವೂ ನಡೆದಿತ್ತು. ಬೆಂಕಿಯ ಕೂಗು ಏಳುವ ಮೊದಲೇ ಆಚೀಚೆಯ ಹಡಗುಗಳ ಕೆಲವರು ಆ ಹಡಗಿನಿಂದ ಹೊಗೆ ಬರುವದನ್ನು ಕಂಡಿದ್ದರಂತೆ. ಕಂಡವರು ಸುಮ್ಮನಿದ್ದರು. ಅನುಮಾನ ಮಾಡಬೇಕಾದ ಗಳಿಗೆಯಲ್ಲಿ ಯಾರೂ ಮಾಡಲಿಲ್ಲ; ಎಲ್ಲವೂ ಸುಟ್ಟಾದ ಮೇಲೆ ಇಡೀ ನಗರವೇ ನೈಯಾಯಿಕರ ಸಭೆಯಾಯಿತು.

ಅದೇ ಶಾಸ್ತ್ರದಲ್ಲಿ ಇನ್ನೊಂದು ಉದಾಹರಣೆಯುಂಟು. ಅದು ಇಷ್ಟು ಪ್ರಸಿದ್ಧವಲ್ಲದಿದ್ದರೂ ನಮ್ಮ ಪ್ರಸ್ತುತ ವಿಷಯಕ್ಕೆ ಹೆಚ್ಚು ಹತ್ತಿರವಾದುದು. ಗಡಿಗೆಗೆ ಮಣ್ಣು ಕಾರಣ, ಕುಂಬಾರ ಕಾರಣ, ಅವನ ಚಕ್ರವೂ ಕೋಲೂ ಕಾರಣ. ಆದರೆ ಮಣ್ಣನ್ನು ಹೊತ್ತು ತಂದ ಕತ್ತೆಯು? ಅದು ಮೊದಲಿನಿಂದ ಅಲ್ಲಿ ಇದ್ದದ್ದು ನಿಜ. ಆದರೂ ಅದನ್ನು ಕಾರಣವೆನ್ನಲಾಗದೆಂದು ಶಾಸ್ತ್ರಕಾರರು ಬಿಟ್ಟುಬಿಟ್ಟರು. ಮುಂಚೆ ಇದ್ದದ್ದೆಲ್ಲವೂ ಕಾರಣವಲ್ಲ, ಹತ್ತಿರ ಇದ್ದದ್ದೆಲ್ಲವೂ ಕಾರಣವಲ್ಲ ಎಂಬ ಈ ವಿವೇಕಕ್ಕಾಗಿ ಅವರಿಗೆ ನಮಸ್ಕರಿಸಬೇಕು. ಊರಿನ ಊಹೆಯು ಮಾಡುವದು ಇದರ ವಿರುದ್ಧ. ಅದಕ್ಕೆ ಕುಂಬಾರನು ಕಾಣನು, ಚಕ್ರವು ಕಾಣದು. ಕತ್ತೆಯೊಂದು ಕಣ್ಣಿಗೆ ಬೀಳುವದು. ಹೊರೆ ಹೊತ್ತದ್ದಕ್ಕೆ ಸಾಕ್ಷಿಯಾಗಿ ಬೆನ್ನು ಸವೆದಿರುವದರಿಂದ ಅದನ್ನು ಹಿಡಿದು ಹೊಡೆಯುವದು ಸುಲಭ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯಲ್ಲಾದರೂ ಎಮ್ಮೆಯು ಅದೇ ಕೊಟ್ಟಿಗೆಯದು. ಇಲ್ಲಿ ಎಮ್ಮೆಯನ್ನು ಪರವೂರಿನಿಂದ ಹುಡುಕಿ ತರುವರು.

ವಿಚಾರಣಾ ಮಂಡಲಿಯು ಕುಳಿತು ನೋಡಿದಾಗ ಕಂಡದ್ದೇನು? ಬೆಂಕಿಯು ಹತ್ತಿಯಲ್ಲಿ ಹುಟ್ಟಿರಬೇಕೆಂದು ಕಂಡಿತು. ಹತ್ತಿಯ ಮೇಲೆ ಮದ್ದನ್ನು ಇಟ್ಟಿದ್ದು ತಪ್ಪು. ಅಪಾಯದ ಸರಕಿದೆಯೆಂದು ತಿಳಿಸುವ ಕೆಂಪು ಬಾವುಟವನ್ನು ಏರಿಸದೆ ಇದ್ದದ್ದು ತಪ್ಪು. ಮದ್ದನ್ನು ಇಳಿಸಲು ತಡಮಾಡಿದ್ದು ತಪ್ಪು. ಹಬೆಯನ್ನು ಬಿಟ್ಟು ಬೆಂಕಿಯನ್ನು ಅಡಗಿಸಬಹುದಾಗಿದ್ದುದನ್ನು ಮಾಡದಿದ್ದದ್ದು ತಪ್ಪು. ನಗರದ ಅಗ್ನಿಶಾಮಕ ದಳಕ್ಕೆ ತಕ್ಷಣ ಹೇಳಿಕಳುಹಿಸದ್ದು ತಪ್ಪು. ಇವುಗಳಲ್ಲಿ ಯಾವುದಾದರೊಂದು ತಪ್ಪು ನಡೆಯದಿದ್ದರೂ ನೂರಾರು ಜನರು ಉಳಿಯುತ್ತಿದ್ದರೇನೋ. ಆದರೆ ಇವೆಲ್ಲವೂ ಕಚೇರಿಯ ತಪ್ಪುಗಳು, ರುಜುವಿನ ತಪ್ಪುಗಳು, ‘ನಾಳೆ ನೋಡೋಣ’ ಎಂಬ ತಪ್ಪುಗಳು. ಇವಕ್ಕೆ ಮುಖವಿಲ್ಲ. ಆದಕಾರಣ ಜನರ ನೆನಪಿನಲ್ಲಿ ಇವು ಉಳಿಯಲಿಲ್ಲ. ಯಾರೋ ಸೇದಿ ಬಿಸುಟ ತುಂಡಿನ ಊಹೆ ಉಳಿಯಿತು, ಬಂಗಾರದ ಕಥೆ ಉಳಿಯಿತು. 2011ರಲ್ಲಿ ಆ ಬಂದರಿನ ಕೆಸರಿನಿಂದ ಮತ್ತೆ ಎರಡು ಗಟ್ಟಿಗಳು ದೊರೆತಾಗ ಪತ್ರಿಕೆಗಳು ಅದನ್ನು ಎಷ್ಟು ಉತ್ಸಾಹದಿಂದ ಬರೆದವು! ಕೆಂಪು ಬಾವುಟದ ಮಾತು ಅಲ್ಲಿ ಬಂದರೂ ಒಂದು ಸಾಲಿನಲ್ಲಿ ಬಂದೀತು.

ಮುಂಬಯಿಯ ಜನರು ವಿಶೇಷವಾಗಿ ದುಷ್ಟರೆಂದು ಯಾರೂ ತಿಳಿಯಬಾರದು. 1917ರ ಡಿಸೆಂಬರ್ 6ರಂದು ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಮದ್ದು ತುಂಬಿದ ‘ಮೋಂ ಬ್ಲಾಂ’ ಎಂಬ ಫ್ರೆಂಚ್ ಹಡಗಿಗೆ ‘ಇಮೊ’ ಎಂಬ ನಾರ್ವೆಯ ಹಡಗು ತಗಲಿ, ಬೆಂಕಿಯೆದ್ದು, ಸುಮಾರು 1,800 ಜನರು ಮಡಿದರು. ಅಲ್ಲಿಯೂ ಯುದ್ಧಕಾಲ, ಅಲ್ಲಿಯೂ ಶತ್ರುವಿನ ಹೆಸರು. ನಗರದಲ್ಲಿದ್ದ ಜರ್ಮನರನ್ನು ಹಿಡಿದು ಸೆರೆಯಲ್ಲಿಟ್ಟರು. ಗಾಯಗೊಂಡು ಆಸ್ಪತ್ರೆಗೆ ಬಂದ ‘ಇಮೊ’ ಹಡಗಿನ ಚುಕ್ಕಾಣಿಗಾರನ ಬಳಿ ಜರ್ಮನ್ ಭಾಷೆಯ ಪತ್ರವಿದೆಯೆಂದು ಅವನನ್ನು ಗೂಢಚಾರನೆಂದು ಬಂಧಿಸಿದರು. ಪತ್ರವನ್ನು ಓದಬಲ್ಲವರು ಓದಿದಾಗ ಅದು ಅವನ ತಾಯ್ನುಡಿಯಾದ ನಾರ್ವೇಜಿಯನ್ ಭಾಷೆಯಲ್ಲಿತ್ತು. ಮೊದಲ ವಿಚಾರಣೆಯು ಎಲ್ಲ ತಪ್ಪನ್ನೂ ಫ್ರೆಂಚ್ ಹಡಗಿನ ತಲೆಗೆ ಕಟ್ಟಿತು; 1919ರಲ್ಲಿ ಕೆನಡಾದ ಶ್ರೇಷ್ಠ ನ್ಯಾಯಾಲಯವೂ, ಮರುವರ್ಷ ಲಂಡನ್ನಿನ ಪ್ರಿವಿ ಕೌನ್ಸಿಲೂ ಎರಡು ಹಡಗುಗಳದೂ ಸಮನಾದ ತಪ್ಪೆಂದು ತೀರ್ಮಾನಿಸಿದವು. ತನಗೆ ತಿಳಿಯದ ಭಾಷೆಯೆಲ್ಲವೂ ಶತ್ರುವಿನ ಭಾಷೆಯೆಂದು ತೋರುವ ಮನಸ್ಸನ್ನು ನಾವು ದೂರದಿಂದ ನೋಡಿ ನಗಬಹುದು. ಮಸ್ಜಿದ್ ಬಂದರಿನ ಚಾಳಿನಲ್ಲಿ ಒಂದೇ ಕನ್ನಡದ ಎರಡು ಬಗೆಗಳ ನಡುವೆಯೇ ಅದು ನಡೆಯಿತು.

ಇದೇಕೆ ಹೀಗೆ? ಜನರು ಮೂಢರು ಎಂದರೆ ಉತ್ತರವಾಗಲಿಲ್ಲ. ನನಗೆ ತೋರುವದು ಹೀಗೆ. ನನ್ನ ಮಗನು ಶತ್ರುವಿನ ಕೈಯಲ್ಲಿ ಸತ್ತನೆಂದರೆ ಆ ಸಾವಿಗೆ ಒಂದು ಅರ್ಥವುಂಟು. ಯಾರೋ ಅವನ ಸಾವನ್ನು ಬಯಸಿದ್ದರು, ಅಂದರೆ ಅವನು ಅಷ್ಟಾದರೂ ಲೆಕ್ಕಕ್ಕೆ ಬಂದವನಾಗಿದ್ದನು. ಆದರೆ ಒಬ್ಬ ಗುಮಾಸ್ತನು ಒಂದು ಕಾಗದವನ್ನು ಮೇಜಿನ ಮೇಲೆಯೇ ಬಿಟ್ಟು ಊಟಕ್ಕೆ ಹೋದನಾದ್ದರಿಂದ ಸತ್ತನೆಂದರೆ? ಅವನ ಸಾವನ್ನು ಯಾರೂ ಬಯಸಿರಲಿಲ್ಲ. ಅವನ ಬದುಕನ್ನೂ ಯಾರೂ ಲೆಕ್ಕಿಸಿರಲಿಲ್ಲ. ಈ ಎರಡನೆಯದನ್ನು ತಾಳುವದು ಮೊದಲನೆಯದಕ್ಕಿಂತ ಕಷ್ಟ. ವೈರಿಯನ್ನು ದ್ವೇಷಿಸಿ ದುಃಖವನ್ನು ಹಗುರಮಾಡಿಕೊಳ್ಳಬಹುದು. ಅಲಕ್ಷ್ಯವನ್ನು ದ್ವೇಷಿಸುವದು ಹೇಗೆ? ಆದ್ದರಿಂದ ದುಃಖಿತನು ಕರ್ತೃವನ್ನು ಹುಡುಕುತ್ತಾನೆ. ಅವನಲ್ಲಿ ನನಗೆ ಕೋಪವಿಲ್ಲ. ದುಃಖವೇ ಇಲ್ಲದ ನೆರೆಯವನು ಅದೇ ಕೆಲಸವನ್ನು ಹರಟೆಗಾಗಿ ಮಾಡುವದನ್ನು ಮಾತ್ರ ಕ್ಷಮಿಸಲಾರೆನು.

ಹಾಗಾದರೆ ಸಾಕ್ಷಿಯು ಪೂರ್ಣವಾಗುವ ವರೆಗೆ ಎಲ್ಲರೂ ಬಾಯಿ ಮುಚ್ಚಿಕೊಂಡು ಕುಳಿತಿರಬೇಕೆ ಎಂದು ವಾಚಕರು ಕೇಳಬಹುದು. ನಾನೂ ಬಹುದಿನ ಹಾಗೆಯೇ ತಿಳಿದಿದ್ದೆನು. 2020ರ ಬಳಿಕ ಆ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತು.

ಆ ವರ್ಷದ ಆಗಸ್ಟ್ 4ರ ಸಂಜೆ ಆರು ಗಂಟೆಯ ಮೇಲೆ ಲೆಬನಾನಿನ ರಾಜಧಾನಿಯಾದ ಬೇರೂತಿನ ಬಂದರು ಸಿಡಿಯಿತು. ಹನ್ನೆರಡನೆಯ ಉಗ್ರಾಣದಲ್ಲಿ 2,750 ಟನ್ನು ಅಮೋನಿಯಂ ನೈಟ್ರೇಟನ್ನು ಕೂಡಿಟ್ಟಿದ್ದರು. ಗೊಬ್ಬರಕ್ಕೂ ಬರುವ, ಗಣಿಗಳ ಸಿಡಿಮದ್ದಿಗೂ ಬರುವ ಲವಣವದು. ‘ರೋಸುಸ್’ ಎಂಬ ಹಡಗು ಜಾರ್ಜಿಯಾ ದೇಶದಿಂದ ಮೊಜಾಂಬಿಕಕ್ಕೆ ಒಯ್ಯುತ್ತಿದ್ದ ಆ ಸರಕು 2013ರಲ್ಲಿ ಬೇರೂತಿಗೆ ಬಂದು, ಅಲ್ಲಿಯೇ ನಿಂತು, ಮರುವರ್ಷ ಉಗ್ರಾಣವನ್ನು ಸೇರಿತ್ತು. ಇನ್ನೂರಕ್ಕೂ ಹೆಚ್ಚು ಜನರು ಮಡಿದರು, ಸುಮಾರು 7,000 ಜನರು ಗಾಯಗೊಂಡರು, ಸುಮಾರು ಮೂರು ಲಕ್ಷ ಜನರು ಮನೆ ಕಳೆದುಕೊಂಡರು. ಅಂದಿನ ರಾತ್ರಿಯೇ ಊಹೆಗಳು ಹೊರಟವು: ಪಟಾಕಿ, ಬೆಸುಗೆಯ ಕಿಡಿ, ಇಸ್ರೇಲಿನ ಕ್ಷಿಪಣಿ. ಕ್ಷಿಪಣಿಯ ಆಕಾರವನ್ನು ತಾವೇ ಕೂಡಿಸಿದ ಚಲಚ್ಚಿತ್ರಗಳನ್ನೂ ಕೆಲವರು ಹರಡಿದರು. ಅಮೇರಿಕದ ಅಧ್ಯಕ್ಷರು ಅದೇ ದಿನ ಇದು ಯಾವುದೋ ಬಾಂಬಿನ ದಾಳಿಯೆಂದು ತಮ್ಮ ಸೇನಾಪತಿಗಳು ಭಾವಿಸಿರುವರೆಂದರು. ಮರುದಿನ ಅವರದೇ ರಕ್ಷಣಾ ಕಾರ್ಯದರ್ಶಿಗಳು ಇದು ಅಪಘಾತವೆಂದು ಬಹುಮಂದಿ ನಂಬಿರುವರೆಂದರು. ಇದಿಷ್ಟೂ ಮುಂಬಯಿಯ ಕಥೆಯೇ, ವೇಗವೊಂದು ಹೆಚ್ಚು.

ಆದರೆ ಅನಂತರ ನಡೆದದ್ದು ಬೇರೆ. ಆ ಸರಕಿನ ಅಪಾಯವನ್ನು ಕುರಿತು ಸುಂಕದ ಅಧಿಕಾರಿಗಳು ನ್ಯಾಯಾಧೀಶರಿಗೆ ವರ್ಷಗಟ್ಟಲೆ ಹಲವು ಸಲ ಪತ್ರ ಬರೆದಿದ್ದರೆಂದೂ, ಸ್ಫೋಟಕ್ಕೆ ಎರಡು ವಾರ ಮುಂಚೆ ಅಧ್ಯಕ್ಷರಿಗೂ ಪ್ರಧಾನಮಂತ್ರಿಗಳಿಗೂ ವರದಿ ಮುಟ್ಟಿತ್ತೆಂದೂ ಹೊರಗೆ ಬಂದಿತು. ಪ್ರತಿಯೊಬ್ಬನೂ ತನ್ನ ಪತ್ರವನ್ನು ಬರೆದು ಕೈ ತೊಳೆದುಕೊಂಡಿದ್ದನು. ತನಿಖೆಯ ನ್ಯಾಯಾಧೀಶರು ಮಾಜಿ ಮಂತ್ರಿಗಳನ್ನು ಆರೋಪಿಗಳೆಂದು ಕರೆದಾಗ 2021ರ ಫೆಬ್ರುವರಿಯಲ್ಲಿ ಅವರನ್ನು ಆ ಕೆಲಸದಿಂದ ತೆಗೆದರು. ಅವರ ಸ್ಥಾನಕ್ಕೆ ಬಂದವರನ್ನು ದಾವೆಗಳ ಮೇಲೆ ದಾವೆ ಹೂಡಿ ವರ್ಷಗಟ್ಟಲೆ ತಡೆದರು. 2025ರ ಆರಂಭದಲ್ಲಷ್ಟೇ ಆ ತನಿಖೆಯು ಮತ್ತೆ ಮುಂದುವರಿಯಿತು. ಈ ನಡುವೆ ಸತ್ತವರ ಮನೆಯವರು ಪ್ರತಿ ತಿಂಗಳು ನಾಲ್ಕನೆಯ ತಾರೀಖಿಗೆ ತಮ್ಮವರ ಭಾವಚಿತ್ರಗಳನ್ನು ಹಿಡಿದು ಬಂದು ನಿಲ್ಲುತ್ತಿದ್ದರು. ಅವರಿಗೆ ಹೋಗಿ, “ತನಿಖೆ ಮುಗಿಯಲಿ, ಅಲ್ಲಿಯ ವರೆಗೆ ಊಹೆ ಮಾಡಬೇಡಿರಿ” ಎಂದು ಹೇಳುವ ಮುಖ ಯಾರಿಗಿದೆ? ತನಿಖೆಯನ್ನು ತಡೆದವರೇ ಆ ಉಪದೇಶವನ್ನು ಮಾಡುವದುಂಟು. ಕಾದಿರೆಂಬ ನೀತಿಯು ಕಾಯುವದಕ್ಕೆ ಏನಾದರೂ ಇರುವಲ್ಲಿ ಮಾತ್ರ ನೀತಿ. ಇಲ್ಲದಲ್ಲಿ ಅದು ತಪ್ಪಿತಸ್ಥನ ಬಾಗಿಲಿಗೆ ಇನ್ನೊಂದು ಅಗಳಿ.

ಆದುದರಿಂದ ಊಹೆಯನ್ನೇ ದೂಷಿಸುವದು ಸಲ್ಲದು. ಊಹೆಯಿಲ್ಲದೆ ಶಾಸ್ತ್ರವಿಲ್ಲ, ವೈದ್ಯವಿಲ್ಲ, ನ್ಯಾಯವಿಲ್ಲ. ಹೊಗೆ ಕಂಡವರು ಅಂದು ಮಧ್ಯಾಹ್ನವೇ ಊಹೆ ಮಾಡಿದ್ದರೆ ಮುಂಬಯಿ ಉಳಿಯುತ್ತಿತ್ತು. ಆದರೆ ಊಹೆಯಲ್ಲಿ ಎರಡು ಜಾತಿ. ಒಂದು ಪರೀಕ್ಷೆಯ ಕಡೆಗೆ ನಡೆಯುವದು: ಹತ್ತಿಯು ಎಲ್ಲಿತ್ತು, ಬಾವುಟವೇಕೆ ಇರಲಿಲ್ಲ, ಪತ್ರವನ್ನು ಯಾರು ಓದಿ ಕೆಳಗಿಟ್ಟರು ಎಂದು ಅದು ಕೇಳುತ್ತ ಹೋಗುವದು, ಅದು ತಪ್ಪಾಗಲು ಸಿದ್ಧವಾಗಿರುವದು. ಇನ್ನೊಂದು ವಿಶ್ರಾಂತಿಯ ಕಡೆಗೆ ನಡೆಯುವದು: ಒಂದು ಹೆಸರು ಸಿಕ್ಕೊಡನೆ ಕಾಲು ಚಾಚಿ ಮಲಗುವದು. ಬೇರೂತಿನ ತಾಯಂದಿರು ಮಂತ್ರಿಗಳ ಹೆಸರನ್ನು ಹೇಳಿದರೆಂದರೆ ಆ ಹೆಸರಿನವರು ನ್ಯಾಯಾಸನದ ಮುಂದೆ ಬಂದು ಉತ್ತರ ಕೊಡಲಿ ಎಂಬದಕ್ಕಾಗಿ. ಉತ್ತರ ಕೊಡುವ ಬಾಯಿಯೂ ವಕೀಲರೂ ಅವರಿಗೆ ಉಂಟು. ಚಾಳಿನವರು ಹೊರೆಯಾಳಿನ ಹೆಸರನ್ನು ಹೇಳಿದ್ದು ಅವನಿಂದ ಉತ್ತರವನ್ನು ಕೇಳುವದಕ್ಕಲ್ಲ. ಅವನನ್ನು ಒಬ್ಬರೂ ಏನನ್ನೂ ಕೇಳಲಿಲ್ಲ. ದೊಡ್ಡಪ್ಪನವರನ್ನು ಕೇಳಿದರು, ನಲ್ಲಿಯ ಬಳಿಯ ಹೆಂಗಸರನ್ನು ಕೇಳಿದರು, ಗೋಡೆಯನ್ನೂ ಕೇಳಿರಬಹುದು, ಅವನನ್ನು ಕೇಳಲಿಲ್ಲ. ಅಧಿಕಾರವುಳ್ಳವನನ್ನು ಪ್ರಶ್ನಿಸುವ ಊಹೆಗೂ ದಿಕ್ಕಿಲ್ಲದವನನ್ನು ಪ್ರಶ್ನೆಯಿಲ್ಲದೆ ಮುಗಿಸುವ ಊಹೆಗೂ ಒಂದೇ ಹೆಸರಿರುವದು ಭಾಷೆಯ ಬಡತನವೆಂದೇ ಹೇಳಬೇಕು.

ಇಷ್ಟು ಬರೆದ ಮೇಲೂ ನನಗೊಂದು ಸಂಶಯವು ಉಳಿದಿದೆ, ಮರೆಮಾಡುವದಿಲ್ಲ. ಮುಖಂಡನು ಕೇಳಿದಾಗ ದೊಡ್ಡಪ್ಪನವರು ಏನು ಹೇಳಬೇಕಾಗಿತ್ತು? “ಬೀಡಿ ಸೇದುವದಿಲ್ಲ” ಎಂದರೆ ಸುಳ್ಳು, ಅದು ನಿಲ್ಲುತ್ತಲೂ ಇರಲಿಲ್ಲ. ಸುಮ್ಮನಿದ್ದರೆ ಮೌನವನ್ನೇ ಒಪ್ಪಿಗೆಯೆಂದು ತಿಳಿಯುತ್ತಿದ್ದರು. “ನಾನೂ ಸೇದುತ್ತೇನೆ, ನೀನೂ ಸೇದುತ್ತೀ, ಈ ಚಾಳಿನಲ್ಲಿ ಸೇದದವರಾರು?” ಎಂದು ತಿರುಗಿ ಕೇಳಬಹುದಾಗಿತ್ತು. ಇಪ್ಪತ್ತು ವರ್ಷದ, ಪರವೂರಿನ, ಖಾನಾವಳಿಯ ಹುಡುಗನಿಗೆ ಆ ಮಾತು ಹೊಳೆಯಲಿಲ್ಲ. ನನಗೆ ಇದು ಹೊಳೆದದ್ದು ಮೇಜಿನ ಮುಂದೆ ಕುಳಿತು, ಎಂಬತ್ತು ವರ್ಷಗಳ ಮೇಲೆ.

ತಂಬಿಗೆಯನ್ನು ದೊಡ್ಡಪ್ಪನವರು ಊರಿಗೆ ತಂದಿದ್ದರು. ಅದರಲ್ಲಿ ನೀರು ಕುಡಿಯುತ್ತಿರಲಿಲ್ಲ, ಬೇರೆಯವರಿಗೆ ಕೊಡುತ್ತಲೂ ಇರಲಿಲ್ಲ. ಹಬ್ಬದ ಹಿಂದಿನ ದಿನ ಉಳಿದ ಪಾತ್ರೆಗಳೊಡನೆ ಹುಣಿಸೆಹಣ್ಣಿನಿಂದ ತಾವೇ ತಿಕ್ಕಿಡುತ್ತಿದ್ದರು. ಅವನ ಹೆಸರು ಅವರಿಗೆ ಗೊತ್ತಿತ್ತು, ಊರು ಗೊತ್ತಿರಲಿಲ್ಲ. ಇಂಡಿಯ ಕಡೆಯವನೆಂದಷ್ಟೇ ನೆನಪು. ತೀರಿಕೊಳ್ಳುವ ಹಿಂದಿನ ವರ್ಷ, ಇಂಡಿಗೆ ವರ್ಗವಾಗಿ ಹೋಗುತ್ತಿದ್ದ ನಮ್ಮೂರ ಶಾಲೆಯ ಮಾಸ್ತರರೊಬ್ಬರ ಕೈಯಲ್ಲಿ ಆ ತಂಬಿಗೆಯನ್ನು ಕೊಟ್ಟು, ಹೆಸರು ಹೇಳಿ, ವಿಚಾರಿಸಿರೆಂದು ಬೇಡಿಕೊಂಡರು. ಮಾಸ್ತರರು ಪ್ರಾಮಾಣಿಕರು; ಸಂತೆಯಲ್ಲಿ, ಚಾವಡಿಗಳಲ್ಲಿ ವಿಚಾರಿಸಿದರಂತೆ. ಬೇಸಗೆಯ ಸೂಟಿಗೆ ಊರಿಗೆ ಬಂದಾಗ ತಂಬಿಗೆಯನ್ನು ಹಾಗೆಯೇ ಮರಳಿ ತಂದುಕೊಟ್ಟರು.